ಕನ್ನಡಿ ಮುಂದೆ ಗುಂಗುರು, ಛತ್ರ ತಲುಪುವಾಗ ನೇರ!

ಪ್ರಶ್ನೆ: ನನ್ನ ಕೂದಲು ದಪ್ಪ, ಸೊಂಟದವರೆಗೆ ಇದೆ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ರಿಸೆಪ್ಷನ್. ಅದಕ್ಕೆಂದೇ ಕರ್ಲಿಂಗ್ ಐರನ್ ತಗೊಂಡೆ. ಹೋದ ವಾರ ಒಂದು ಗೃಹಪ್ರವೇಶಕ್ಕೆ ಹೋಗುವಾಗ ಟ್ರಯಲ್ ನೋಡಿದೆ. ಕನ್ನಡಿ ಮುಂದೆ ಚೆನ್ನಾಗಿಯೇ ಇತ್ತು. ಆಟೊ ಹತ್ತಿ ಬನಶಂಕರಿ ತಲುಪುವಷ್ಟರಲ್ಲಿ ಸುರುಳಿಯೆಲ್ಲ ಬಿಚ್ಚಿಕೊಂಡು ಮೊದಲಿನ ಹಾಗೇ ನೇರವಾಗಿತ್ತು. 220 ಡಿಗ್ರಿಗೇ ಇಟ್ಟಿದ್ದೆ. ಇನ್ನೂ ಜಾಸ್ತಿ ಬಿಸಿ ಬೇಕಾ ಮೇಡಂ?
– ಓದುಗರು, ವಿಜಯನಗರ

ಉತ್ತರ: ಖಂಡಿತ ಬೇಡ. ಬಿಸಿ ಆಗಲೇ ಜಾಸ್ತಿಯಾಗಿದೆ. ಕಡಿಮೆ ಬಿದ್ದಿರುವುದು ಆರಲು ಕೊಟ್ಟ ಸಮಯ.

ಕಡಲೆಮಿಠಾಯಿ ಮಾಡುವಾಗ ನೋಡಿರುತ್ತೀರಿ. ಬೆಲ್ಲದ ಪಾಕ ಬಿಸಿ ಇರುವಾಗ ಹೇಗೆ ಬೇಕೋ ಹಾಗೆ ಬಗ್ಗುತ್ತದೆ. ಆರುವಾಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಕೂದಲೂ ಹೀಗೆಯೇ. ಅದು ಕೆರಾಟಿನ್ ಅನ್ನುವ ಪ್ರೋಟೀನ್. ಅದರೊಳಗೆ ಹೈಡ್ರೋಜನ್ ಬಂಧ ಅನ್ನುವ ಪುಟ್ಟ ಪುಟ್ಟ ಕೊಂಡಿಗಳಿವೆ. ಬಿಸಿಗೆ ಅವು ಬಿಚ್ಚಿಕೊಳ್ಳುತ್ತವೆ, ಆರುವಾಗ ಮತ್ತೆ ಹಾಕಿಕೊಳ್ಳುತ್ತವೆ. ಐರನ್‌ನಿಂದ ಬಿಡಿಸಿದ ಸುರುಳಿಯನ್ನು ನೀವು ಬಿಸಿಬಿಸಿಯಾಗಿಯೇ ಇಳಿಬಿಟ್ಟಿದ್ದೀರಿ. ಸೊಂಟದುದ್ದದ ದಪ್ಪ ಕೂದಲಿನ ಭಾರ ಅದನ್ನು ಕೆಳಗೆಳೆದಿದೆ. ಆ ಎಳೆದ ಆಕಾರದಲ್ಲೇ ಅದು ಆರಿದೆ. ಇನ್ನು ಮೇಲೆ ಎಷ್ಟು ಸ್ಪ್ರೇ ಹೊಡೆದರೂ ಅಷ್ಟೇ.

ಹಾಗಾಗಿ ಸುರುಳಿ ಆರುವವರೆಗೆ ಹಿಡಿದಿಡಲು ಮೊದಲು ಒಂದು ಡಬ್ಬಿ ಉದ್ದನೆಯ ಕ್ಲಿಪ್ ತಗೊಳ್ಳಿ. ಪಾರ್ಲರ್‌ನಲ್ಲಿ ಬಳಸುವ ಅಲ್ಯೂಮಿನಿಯಂ ಕ್ಲಿಪ್ ಮಲ್ಲೇಶ್ವರಂ 8ನೇ ಕ್ರಾಸ್‌ನ ಫ್ಯಾನ್ಸಿ ಅಂಗಡಿಗಳಲ್ಲೂ ಸಿಗುತ್ತದೆ. ನಿಮ್ಮ ಕೂದಲಿಗೆ ಕಡಿಮೆ ಅಂದರೂ 25 ಬೇಕು.

ತಲೆಗೆ ಹಿಂದಿನ ದಿನವೇ ಸ್ನಾನ ಮಾಡಿ. ಅವತ್ತು ಬೆಳಿಗ್ಗೆ ಮಾಡಿದರೆ ಕೂದಲು ನುಣುಪಾಗಿ ಜಾರುತ್ತದೆ, ಸುರುಳಿ ನಿಲ್ಲುವುದಿಲ್ಲ. ಕಂಡೀಷನರ್ ತುದಿಗೆ ಮಾತ್ರ. ಸ್ನಾನದ ನಂತರ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದೇ, ಆದರೆ ಅದರ ಜಾಗ ಸ್ನಾನಕ್ಕೆ ಮುಂಚೆ. ಎಣ್ಣೆ ಇರುವ ಕೂದಲನ್ನು ಐರನ್‌ಗೆ ಸುತ್ತಿದರೆ ಎಣ್ಣೆಯೂ ಕಾಯುತ್ತದೆ, ಹೊಗೆ ಬರುತ್ತದೆ. ಅದರ ಬದಲು ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಹಾಕಿ. ಅದರಲ್ಲಿರುವ ಸಿಲಿಕೋನ್ ತೆಳು ಪದರವಾಗಿ ಕೂತು ಬಿಸಿ ಒಮ್ಮೆಲೇ ಒಳಗೆ ನುಗ್ಗದಂತೆ ತಡೆಯುತ್ತದೆ. ಪೂರ್ತಿ ಕಾಪಾಡುತ್ತದೆ ಅಂತೇನಿಲ್ಲ, ಪೆಟ್ಟು ಕಡಿಮೆ ಮಾಡುತ್ತದೆ ಅಷ್ಟೇ. ಸ್ಪ್ರೇ ಒಣಗಿದ ಮೇಲೇ ಐರನ್ ಹಿಡಿಯಿರಿ.

ಈ 'ಒಣಗಿದ ಮೇಲೆ' ಅನ್ನುವುದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅವಸರಕ್ಕೆ ನನ್ನದೇ ಹಸಿ ಕೂದಲನ್ನು ಐರನ್‌ಗೆ ಸುತ್ತಿದೆ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಅದೇ ಚುಯ್ ಸದ್ದು. ಕೂದಲ ಒಳಗಿದ್ದ ನೀರು ಆವಿಯಾಗಿ ಒಳಗೇ ಗುಳ್ಳೆ ಎದ್ದಿತ್ತು. ಕಿವಿ ಪಕ್ಕದ ಆ ಒಂದು ಎಳೆ ಬಾಚಿದಾಗೆಲ್ಲ ತುಂಡಾಗಿ ಉದುರುತ್ತಿತ್ತು. ಸರಿಯಾಗಿ ಬೆಳೆಯಲು ತಿಂಗಳುಗಳೇ ಹಿಡಿದವು. ಆ ಸದ್ದು ಕೇಳಿಸಿದರೆ ತಕ್ಷಣ ಬಿಟ್ಟುಬಿಡಿ.

ಇನ್ನು ಬಿಸಿ. ನಿಮ್ಮಂಥ ದಪ್ಪ ಕೂದಲಿಗೆ 180ರಿಂದ ಶುರು ಮಾಡಿ. ಬಣ್ಣ ಹಾಕಿಸಿದ್ದರೆ, ಸ್ಟ್ರೈಟನಿಂಗ್ ಆಗಿದ್ದರೆ 150ರ ಆಸುಪಾಸು ಸಾಕು. ತೆಳು ಕೂದಲಿನವರಿಗೆ ಅದಕ್ಕಿಂತಲೂ ಕಡಿಮೆ. 220 ಡಿಗ್ರಿಯಲ್ಲಿ ಕೆರಾಟಿನ್ ಕೆಟ್ಟೇಹೋಗುತ್ತದೆ. ಮಾರುವವರು ಡಬ್ಬದ ಮೇಲೆ ದೊಡ್ಡದಾಗಿ ಬರೆಯುತ್ತಾರೆ, ನಿಜ. ಸ್ಕೂಟರ್ ಮೀಟರಿನಲ್ಲಿ 120 ಇದೆ ಅಂತ ಗಾಂಧಿ ಬಜಾರಿನಲ್ಲಿ ಹಾಗೆ ಓಡಿಸುತ್ತೀವಾ?

ಕೂದಲನ್ನು ಮೇಲೆ ಕಟ್ಟಿ, ಕತ್ತಿನ ಹತ್ತಿರದ ಕೆಳಪದರದಿಂದ ಶುರು ಮಾಡಿ. ಒಂದು ಸಲಕ್ಕೆ ಎರಡು ಬೆರಳಗಲದ ಎಳೆ, ಅದಕ್ಕಿಂತ ಜಾಸ್ತಿ ಬೇಡ. ದಪ್ಪ ಎಳೆ ಹಿಡಿದರೆ ಹೊರಗಿನದು ಸುಡುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಎಳೆಯ ಮಧ್ಯದಲ್ಲಿ ಐರನ್ ಹಿಡಿದು ಅಲ್ಲಿಂದ ಸುತ್ತಿ, ತುದಿಯನ್ನು ಕೊನೆಗೆ ಒಳಗೆ ಸೇರಿಸಿ. ತುದಿ ಎಲ್ಲಕ್ಕಿಂತ ಹಳೆಯ ಕೂದಲು, ಪಾಪ, ಅದಕ್ಕೆ ಬಿಸಿ ಕಡಿಮೆ ತಾಗಲಿ. ನೆತ್ತಿಗೂ ಐರನ್‌ಗೂ ನಡುವೆ ಎರಡು ಬೆರಳು ಜಾಗ ಇರಲಿ. ಎಂಟರಿಂದ ಹತ್ತು ಸೆಕೆಂಡ್ ಎಣಿಸಿ. ಆಮೇಲೆ ಐರನ್‌ನದೇ ಕ್ಲಿಪ್ ಸಡಿಲಿಸಿ ಅದನ್ನು ಮೆಲ್ಲಗೆ ಹೊರಗೆಳೆಯಿರಿ, ಸುರುಳಿ ಅಂಗೈಗೆ ಬೀಳುತ್ತದೆ. ಬಿಸಿ ಇರುತ್ತದೆ, ಹುಷಾರು. ಅದನ್ನು ಹಾಗೇ ಚಕ್ಕುಲಿಯಂತೆ ಮೇಲಕ್ಕೆ ಸುತ್ತಿ ಅಲ್ಲೇ ಕ್ಲಿಪ್ ಹಾಕಿ, ಮುಂದಿನ ಎಳೆಗೆ ಹೋಗಿ. ಮುಖದ ಎರಡೂ ಪಕ್ಕದ ಕೂದಲನ್ನು ಮುಖದಿಂದ ಹೊರಗೆ ತಿರುಗುವ ಹಾಗೆ ಸುತ್ತಿ. ಹಿಂದಿನದನ್ನು ಒಂದು ಹಾಗೆ, ಒಂದು ಹೀಗೆ ತಿರುಗಿಸಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಮುದ್ದೆಯಾಗುವುದಿಲ್ಲ.

ಐರನ್‌ನ ದಪ್ಪ ಎಷ್ಟು ಅಂತ ನೀವು ಬರೆದಿಲ್ಲ. 32 ಮಿಲಿಮೀಟರ್ ಆಗಿದ್ದರೆ ನಿಮ್ಮ ಉದ್ದಕ್ಕೆ ಅಲೆ ಬರುತ್ತದೆ, ಅದೂ ಬೇಗ ಇಳಿಯುತ್ತದೆ. 25 ಆದರೆ ಒಳ್ಳೆಯದು. ಶುರುವಿನಲ್ಲಿ ಸುರುಳಿ ಬೇಕಾದ್ದಕ್ಕಿಂತ ಬಿಗಿಯಾಗಿ ಕಂಡರೆ ಹೆದರಬೇಡಿ. ಒಂದು ಗಂಟೆಯಲ್ಲಿ ಅದೇ ಸಡಿಲವಾಗುತ್ತದೆ.

ಈಗ ಆಟೊ ವಿಷಯ. ಕ್ಲಿಪ್‌ಗಳ ಸಮೇತ ಹೊರಡಿ! ತಲೆಗೆ ಒಂದು ದುಪಟ್ಟಾ ಸಡಿಲವಾಗಿ ಹೊದ್ದುಕೊಂಡರೆ ಯಾರಿಗೂ ಕಾಣುವುದಿಲ್ಲ. ಛತ್ರದ ಡ್ರೆಸ್ಸಿಂಗ್ ರೂಮಿನಲ್ಲಿ ಕ್ಲಿಪ್ ತೆಗೆದು, ಬೆರಳಲ್ಲಿ ಬಿಡಿಸಿ, ಒಂದು ಅಡಿ ದೂರದಿಂದ ಹೇರ್‌ಸ್ಪ್ರೇ ಹೊಡೆಯಿರಿ. ಬಾಚಣಿಗೆ ಮುಟ್ಟಿಸಬೇಡಿ. ನಾನು ಮದುಮಗಳ ಅಕ್ಕತಂಗಿಯರನ್ನು ಹೀಗೇ ಕಳಿಸುವುದು. ಮಳೆಗಾಲದಲ್ಲಂತೂ ಇದು ಬೇಕೇ ಬೇಕು. ಆ ಕೊಂಡಿಗಳು ಬಿಸಿಗೆ ಮಾತ್ರವಲ್ಲ, ತೇವಕ್ಕೂ ಬಿಚ್ಚಿಕೊಳ್ಳುತ್ತವೆ. ಸಂಜೆ ಮಳೆ ಬಂದು ನಿಂತ ಮೇಲಿನ ಗಾಳಿ ಸಾಕು.

ಹಾಂ, ಹೂವು. ಮಲ್ಲಿಗೆ ಮುಡಿಯುತ್ತೀರಿ ಅಲ್ವಾ? ಮಾರ್ಕೆಟ್ಟಿನಿಂದ ತಂದ ಹೂವಿಗೆ ನೀರು ಚಿಮುಕಿಸಿರುತ್ತಾರೆ. ಚೆನ್ನಾಗಿ ಒದರಿ, ಒಣ ಬಟ್ಟೆ ಮೇಲೆ ಅರ್ಧ ಗಂಟೆ ಹರಡಿ ಆಮೇಲೆ ಮುಡಿಯಿರಿ. ಮೇಲಿನ ಅರ್ಧ ಕೂದಲನ್ನು ಹಿಂದೆ ಕಟ್ಟಿ ಆ ಗಂಟಿಗೆ ಹೂವು ಸಿಕ್ಕಿಸಿದರೆ ಸುರುಳಿಗಳ ಮೇಲೆ ಭಾರವೂ ಬೀಳುವುದಿಲ್ಲ.

ಪ್ರಶ್ನೆ: ಅಮೆರಿಕದಿಂದ ನಾದಿನಿ ದುಬಾರಿ ಕರ್ಲಿಂಗ್ ಐರನ್ ತಂದುಕೊಟ್ಟಿದ್ದಾರೆ. ಪಿನ್ ನಮ್ಮ ಪ್ಲಗ್‌ಗೆ ಕೂರುವುದಿಲ್ಲ. ಅಡಾಪ್ಟರ್ ಹಾಕಿ ಬಳಸಬಹುದಾ?
– ಓದುಗರು, ಜೆ.ಪಿ. ನಗರ

ಉತ್ತರ: ಹಿಡಿಯ ಹತ್ತಿರ ಅಥವಾ ಪ್ಲಗ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ. 100–240 ವೋಲ್ಟ್ ಅಂತಿದ್ದರೆ ಅಡಾಪ್ಟರ್ ಹಾಕಿ ಧಾರಾಳವಾಗಿ ಬಳಸಿ. ಬರೀ 120 ವೋಲ್ಟ್ ಅಂತಿದ್ದರೆ ಬೇಡವೇ ಬೇಡ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ಕರೆಂಟನ್ನಲ್ಲ. ನಮ್ಮ ಮನೆಗೆ ಬರುವುದು 230 ವೋಲ್ಟ್. ವೋಲ್ಟೇಜ್ ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ಹತ್ತಿರಹತ್ತಿರ ನಾಲ್ಕರಷ್ಟು ಆಗುತ್ತದೆ. ಐರನ್ ಸುಡುತ್ತದೆ, ಅದಕ್ಕೂ ಮುಂಚೆ ಕೂದಲು. ಎಸ್‌.ಪಿ. ರೋಡಿನಲ್ಲಿ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹುಡುಕಬಹುದು, ಆದರೆ ಕೂದಲು ಸುತ್ತುವುದಕ್ಕೆ ಆ ಭಾರ ಯಾರಿಗೆ ಬೇಕು? ಇಲ್ಲಿಯದೇ ಒಂದು ಕೊಳ್ಳಿ. ನಾದಿನಿಗೆ ಏನು ಹೇಳುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ದಿನಾ ಕಾಲೇಜಿಗೆ ಹೋಗುವ ಮುಂಚೆ ಕರ್ಲ್ ಮಾಡಲೇಬೇಕು. ಮೊನ್ನೆ ಕತ್ತು ಸುಟ್ಟುಕೊಂಡಳು. ಅತ್ತೆ ಟೂತ್‌ಪೇಸ್ಟ್ ಹಚ್ಚಿದರು. ದಿನಾ ಮಾಡಿದರೆ ಕೂದಲು ಹಾಳಾಗಲ್ವಾ?
– ಓದುಗರು, ಯಲಹಂಕ

ಉತ್ತರ: ಇನ್ನೊಮ್ಮೆ ಸುಟ್ಟರೆ ಟೂತ್‌ಪೇಸ್ಟ್ ಬೇಡ, ಬೆಣ್ಣೆ ಬೇಡ, ಐಸ್ ಕೂಡ ಬೇಡ. ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಸಿ. ಕತ್ತಿಗೆ ಹಾಗೆ ಮಾಡುವುದು ಕಷ್ಟವಾದರೆ ಒದ್ದೆ ಬಟ್ಟೆ ಇಟ್ಟು ಆಗಾಗ ಬದಲಿಸಿ. ಗುಳ್ಳೆ ಎದ್ದರೆ ಒಡೆಯಬೇಡಿ. ದೊಡ್ಡದಾಗಿದ್ದರೆ ಡಾಕ್ಟರಿಗೆ ತೋರಿಸಿ.

ದಿನಾ ಮಾಡಿದರೆ ಹಾಳಾಗುತ್ತದೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವ ಇಲ್ಲ. ಚರ್ಮದ ಹಾಗೆ ಅದು ತಾನಾಗಿ ವಾಸಿಯಾಗುವುದಿಲ್ಲ. ತುದಿ ಸೀಳಿದರೆ ಕತ್ತರಿಸುವುದೊಂದೇ ದಾರಿ. ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಅನ್ನುವುದು ನನ್ನ ಲೆಕ್ಕ. ಅವಸರದಲ್ಲಿ ಹೊರಡುವ ಮಕ್ಕಳ ಬಗ್ಗೆ ನನಗೆ ಇನ್ನೊಂದು ಭಯ ಇದೆ. ಕರೆಂಟ್ ಹೋಯಿತು ಅಂತ ಐರನ್ ಅನ್ನು ಹಾಸಿಗೆ ಮೇಲೆ ಇಟ್ಟು, ಸ್ವಿಚ್ ಆಫ್ ಮಾಡದೆ ಓಡುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಬರುತ್ತದೆ. ಪ್ಲಗ್ ಕೀಳುವುದನ್ನು ಅಭ್ಯಾಸ ಮಾಡಿಸಿ.

ಬೇಡ ಅಂದರೆ ಈ ವಯಸ್ಸಿನವರು ಕೇಳುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು. ರಾತ್ರಿ ಕೂದಲು ಸ್ವಲ್ಪವೇ ತೇವ ಇರುವಾಗ ಹಳೆ ಕಾಟನ್ ದುಪಟ್ಟಾವನ್ನು ಹಗ್ಗದ ಹಾಗೆ ಹೊಸೆದು ನೆತ್ತಿಯ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ಇಳಿಬಿಡಿ. ಮುಂದಿನಿಂದ ಶುರು ಮಾಡಿ ಒಂದೊಂದೇ ಎಳೆಯನ್ನು ಅದಕ್ಕೆ ಸುತ್ತುತ್ತಾ ಹೋಗಿ, ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿ. ಬೆಳಿಗ್ಗೆ ಬಿಚ್ಚಿದರೆ ಅಲೆ ರೆಡಿ. ಇಲ್ಲೂ ಕೆಲಸ ಮಾಡುವುದು ಅದೇ ಕೊಂಡಿಗಳು. ಬಿಸಿಯ ಬದಲು ನೀರು ಅವುಗಳನ್ನು ಬಿಚ್ಚಿರುತ್ತದೆ, ಅಷ್ಟೇ. ಮೊದಲ ರಾತ್ರಿ ಒಂದು ಕಡೆ ಕಳಚಿಕೊಂಡು ಬೆಳಿಗ್ಗೆ ಅರ್ಧ ತಲೆ ಗುಂಗುರು, ಅರ್ಧ ತಲೆ ನೇರ ಆಗಿರುತ್ತದೆ. ಅವತ್ತು ಜಡೆ ಹಾಕಿ ಕಳಿಸಿ.