ಹಂಡೆ ಒಲೆ ಬೆಂಕಿಗೆ ಫೋನ್ ಚಾರ್ಜ್ ಆಗತ್ತಾ?

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಂಕಟದ್ದು, ಕರೆಂಟಿಲ್ಲ, ಫೋನಲ್ಲಿ 4 ಪರ್ಸೆಂಟ್ ಇದೆ, ಏನ್ಮಾಡೋದು ಅಂತ. ಮಳೆಗಾಲ ಅಲ್ವಾ. ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ, ಕೊನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ, ಯಾಕಂದ್ರೆ ಅದನ್ನ ನಾನೇ ಮಾಡಕ್ಕೆ ಹೋಗಿ ಕೈ ಸುಟ್ಕೊಂಡವ್ನು.

ಪ್ರಶ್ನೆ: 10,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡೆ, ನನ್ನ ಫೋನ್ ಬ್ಯಾಟರಿ 5,000. ಎರಡು ಸಲ ಫುಲ್ ಆಗ್ಬೇಕಿತ್ತು, ಒಂದೂವರೆ ಸಲಕ್ಕೇ ಖಾಲಿ. ಅಂಗಡಿಯವ್ನು ಟೋಪಿ ಹಾಕಿದ್ನಾ? ಮೇಲೆ ಸೋಲಾರ್ ಪ್ಲೇಟ್ ಇರೋದು ತಗೋಬೇಕಿತ್ತಾ? (ದಾವಣಗೆರೆ ಓದುಗರು)

ಉತ್ತರ: ಒಂದೂವರೆ ಸಲ ಬಂತು ಅಂದ್ರೆ ಮಾಲು ಅಸಲೀನೇ ಸರ್. ಎಂಎಎಚ್ ಅನ್ನೋದು ಅರ್ಧ ಲೆಕ್ಕ. ಬಾವಿಯಿಂದ ಇಷ್ಟು ಕೊಡ ನೀರು ಸೇದಿದೆ ಅಂತ ಹೇಳಿ, ಬಾವಿ ಎಷ್ಟು ಆಳ ಅಂತ ಹೇಳ್ದೇ ಇದ್ದಂಗೆ. ವೋಲ್ಟೇಜಿಂದ ಗುಣಿಸಿ ವ್ಯಾಟ್-ಅವರ್, ಅಂದ್ರೆ ಒಟ್ಟು ಶಕ್ತಿ ಎಷ್ಟು ಅಂತ ಮಾಡ್ಕೊಂಡ್ರೆ ಮಾತ್ರ ಲೆಕ್ಕ ಪೂರ್ತಿ ಆಗೋದು. ಪವರ್ ಬ್ಯಾಂಕಿನ ಸೆಲ್ 3.7 ವೋಲ್ಟಿಂದು, ಅಂದ್ರೆ 37 ವ್ಯಾಟ್-ಅವರ್. ಅದನ್ನ 5 ವೋಲ್ಟಿಗೆ ಏರಿಸ್ಬೇಕು, ಫೋನ್ ಒಳಗೆ ಮತ್ತೆ ಇಳಿಸ್ಬೇಕು, ಈ ಏರಿಳಿತದಲ್ಲಿ ಒಂದಷ್ಟು ಬಿಸಿಯಾಗಿ ಹೋಗತ್ತೆ, ಕೊನೆಗೆ ಫೋನಿಗೆ ಸೇರೋದು 30ರ ಆಸುಪಾಸು. ನಿಮ್ಮ ಫೋನಿನ ಹೊಟ್ಟೆ ಸುಮಾರು 19 ವ್ಯಾಟ್-ಅವರ್. ಭಾಗಿಸಿ ನೋಡಿ, ಒಂದೂವರೆನೇ ಬರೋದು. ಪವರ್ ಬ್ಯಾಂಕ್ ಬೆನ್ನ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ 'ರೇಟೆಡ್ ಕೆಪ್ಯಾಸಿಟಿ' ಅಂತ ಆರು ಸಾವಿರದ ಹತ್ರದ ಒಂದು ನಂಬರ್ ಇರತ್ತೆ, ನಿಜ ಹೇಳೋದು ಅದು. ಈ 19ನ್ನ ನೆನಪಿಟ್ಕೊಳ್ಳಿ, ಮುಂದಿನ ಉತ್ತರಗಳಲ್ಲೂ ಬೇಕು.

ಸೋಲಾರ್ ಪ್ಲೇಟಿನ ಕಥೆ ಕೇಳ್ಬೇಡಿ. ಅಂಗೈಗಿಂತ ಸ್ವಲ್ಪ ದೊಡ್ಡದು, 15 ಸೆಂಟಿಮೀಟರಿಗೆ 8 ಅಂತ ಇಟ್ಕೊಳ್ಳಿ. ನೆತ್ತಿ ಸುಡೋ ಮಧ್ಯಾಹ್ನ ಒಂದು ಚದರ ಮೀಟರ್ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳತ್ತೆ, ಈ ಚೂರಿನ ಮೇಲೆ ಬೀಳೋದು 12 ವ್ಯಾಟ್, ಅದ್ರಲ್ಲಿ ಐದನೇ ಒಂದು ಭಾಗ ಕರೆಂಟ್ ಆದ್ರೆ ದೊಡ್ಡ ಮಾತು. ದಿನದ ಬಿಸಿಲು, ಮೋಡ ಎಲ್ಲ ಸೇರಿಸಿದ್ರೆ ಪವರ್ ಬ್ಯಾಂಕ್ ತುಂಬಕ್ಕೆ ಐದಾರು ದಿನ ಬೇಕು. ಸಾಲದ್ದಕ್ಕೆ, ಇಂಥ ಲಿಥಿಯಂ ಸೆಲ್‌ಗಳನ್ನ ಸಾಮಾನ್ಯವಾಗಿ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡ್ಬಾರ್ದು. ಹಪ್ಪಳ ಒಣಗಿಸೋ ಬಿಸಿಲು ಅದಕ್ಕೆ ಆಗ್ಬರಲ್ಲ.

ಪ್ರಶ್ನೆ: ಮಗನ 67 ವ್ಯಾಟ್ ಚಾರ್ಜರನ್ನ ನನ್ನ ಫೋನಿಗೆ ಹಾಕಿದ್ರೆ ಆಮೆ ಥರ ಚಾರ್ಜ್ ಆಗತ್ತೆ, ಅವನದ್ದಕ್ಕೆ ಮಾತ್ರ ರಾಕೆಟ್. ಫೋನ್ ಹಾಳಾಗತ್ತಾ? (ಮೈಸೂರು ಓದುಗರು)

ಉತ್ತರ: ಹಾಳಾಗಲ್ಲ ಮೇಡಂ. ಚಾರ್ಜರ್ ಬಲವಂತವಾಗಿ ತುರುಕಲ್ಲ, ಫೋನ್ ಕೇಳಿದಷ್ಟೇ ಬಡಿಸೋದು. ವೈರ್ ಸಿಕ್ಕಿಸಿದ ತಕ್ಷಣ ಎರಡೂ ಕಡೆ ಚಿಪ್ಪುಗಳು ಬೀಗರ ಥರ ಮಾತುಕತೆ ಮಾಡ್ತವೆ, ಎಷ್ಟು ವೋಲ್ಟ್ ಕೊಡ್ತೀಯ, ಎಷ್ಟು ತಗೋತೀಯ ಅಂತ. ಯುಎಸ್‌ಬಿ ಪವರ್ ಡೆಲಿವರಿ ಅನ್ನೋದು ಇದಕ್ಕೆ ಎಲ್ರಿಗೂ ಗೊತ್ತಿರೋ ಭಾಷೆ, 2021ರಲ್ಲಿ ಅದನ್ನ 240 ವ್ಯಾಟ್ ತನಕ ಎಳೆದ್ರು. ಆದ್ರೆ ಎಷ್ಟೋ ಫೋನ್ ಕಂಪನಿಗಳು ತಮ್ಮದೇ ಗುಟ್ಟಿನ ಭಾಷೆ ಇಟ್ಕೊಂಡಿದಾವೆ, ಅದು ಇನ್ನೊಂದು ಕಂಪನಿ ಫೋನಿಗೆ ಅರ್ಥ ಆಗ್ದೇ ಇದ್ರೆ ಇಬ್ರೂ ಹಳೇ 5 ವೋಲ್ಟಿಗೆ ಇಳೀತಾರೆ. ಯುರೋಪಲ್ಲಿ 2024ರ ಡಿಸೆಂಬರ್‌ನಿಂದ ಹೊಸ ಫೋನಿಗೆಲ್ಲ ಟೈಪ್-ಸಿ ಕಡ್ಡಾಯ ಮಾಡಿದಾರೆ, ಸರಿ, ಆದ್ರೆ ತೂತು ಒಂದೇ ಆದ್ಮಾತ್ರಕ್ಕೆ ಭಾಷೆನೂ ಒಂದೇ ಅಂತ ಅಂದ್ಕೋಬೇಡಿ.

ಪ್ರಶ್ನೆ: ನಮ್ಮ ಶಾಲೆ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಶೂ ಒಳಗೆ ಪೀಜೋ ಬಿಲ್ಲೆ (ಒತ್ತಿದ್ರೆ ಕರೆಂಟ್ ಕೊಡೋದು) ಇಟ್ಟು ನಡೆದ್ರೆ ಎಲ್‌ಇಡಿ ಹತ್ತೋ ಹಾಗೆ ಮಾಡಿದಾರೆ. ಫೋನ್ ಮಾತ್ರ ಚಾರ್ಜ್ ಆಗ್ತಿಲ್ಲ. ಎಲ್ಲಿ ತಪ್ಪಾಗಿದೆ? (ಗದಗ ಜಿಲ್ಲೆಯ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಮಕ್ಕಳದ್ದೇನೂ ತಪ್ಪಿಲ್ಲ, ಲೆಕ್ಕದ್ದೇ ತಪ್ಪು. ಎಲ್‌ಇಡಿ ಮಿಣಕ್ ಅನ್ನಕ್ಕೆ ಚಿಟಿಕೆ ಕರೆಂಟ್ ಸಾಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 1990ರ ದಶಕದಲ್ಲೇ ಇದೇ ಥರ ಶೂ ಮಾಡಿದ್ರು, ಅವ್ರಿಗೂ ಪೀಜೋದಿಂದ ಸಿಕ್ಕಿದ್ದು ಕೆಲವೇ ಮಿಲಿವ್ಯಾಟ್. ಹೆಜ್ಜೆಗೆ 5 ಮಿಲಿಜೂಲ್ ಅಂತ ಧಾರಾಳವಾಗೇ ಹಿಡೀರಿ. ಆ 19 ವ್ಯಾಟ್-ಅವರ್ ಇದೆಯಲ್ಲ, ಒಂದು ವ್ಯಾಟ್-ಅವರಿಗೆ 3,600 ಜೂಲ್ ಲೆಕ್ಕದಲ್ಲಿ ಅದು 68,400 ಜೂಲ್. ಅಷ್ಟಾಗಕ್ಕೆ 1 ಕೋಟಿ 36 ಲಕ್ಷ ಹೆಜ್ಜೆ ಬೇಕು, ದಿನಕ್ಕೆ ಹತ್ತು ಸಾವಿರ ನಡೆದ್ರೂ ಹತ್ತಿರ ಹತ್ತಿರ ನಾಲ್ಕು ವರ್ಷ. ಈ ಲೆಕ್ಕನೇ ಚಾರ್ಟ್ ಮೇಲೆ ಬರೆಸಿ ಶೂ ಪಕ್ಕ ಇಡಿ, ನನ್ನ ಕೇಳಿದ್ರೆ ಬಹುಮಾನ ಅದಕ್ಕೇ ಕೊಡ್ಬೇಕು.

ಚಾರ್ಜ್ ಆಗ್ಲೇಬೇಕು ಅಂದ್ರೆ ಅಟ್ಟದ ಮೇಲಿರೋ ಹಳೇ ಸೈಕಲ್ ಡೈನಮೋ ಇಳಿಸಿ. ಟೈರಿಗೆ ಉಜ್ಕೊಂಡು ಗುಂಯ್ ಅಂತಿತ್ತಲ್ಲ, ಅದೇ. 6 ವೋಲ್ಟ್, 3 ವ್ಯಾಟ್, ಅಂದ್ರೆ ಶೂಗಿಂತ ನೂರಾರು ಪಟ್ಟು. ಅದು ಕೊಡೋದು ಎಸಿ, ಫೋನಿಗೆ ಬೇಕಿರೋದು ಡಿಸಿ, ಹಾಗಾಗಿ ನಾಲ್ಕು ಡಯೋಡಿನ ಬ್ರಿಡ್ಜ್, ಒಂದು ಕೆಪ್ಯಾಸಿಟರ್, 5 ವೋಲ್ಟಿನ ರೆಗ್ಯುಲೇಟರ್ ಬೇಕು, ಜೋರಾಗಿ ತುಳಿದಾಗ ವೋಲ್ಟೇಜ್ ವಿಪರೀತ ಏರತ್ತೆ, ಅದನ್ನ ತಡ್ಕೊಳ್ಳೋ ರೆಗ್ಯುಲೇಟರೇ ಹಾಕ್ಸಿ. ನೋಕಿಯಾದವರು 2010ರಲ್ಲಿ ಇದನ್ನೇ ಕಿಟ್ ಮಾಡಿ ಮಾರಾಟಕ್ಕೆ ಇಳಿಸಿದ್ರು. ಬ್ರಿಟನ್ನಿನ ಟ್ರೆವರ್ ಬೇಯ್ಲಿಸ್ ಕಥೆನೂ ಮಕ್ಕಳಿಗೆ ಹೇಳಿ. ಆಫ್ರಿಕಾದಲ್ಲಿ ಏಡ್ಸ್ ಹರಡ್ತಿದೆ, ರೇಡಿಯೋದಲ್ಲಿ ಎಚ್ಚರಿಸೋಣ ಅಂದ್ರೆ ಬಡವರ ಮನೇಲಿ ಕರೆಂಟೂ ಇಲ್ಲ ಸೆಲ್ಲಿಗೆ ಕಾಸೂ ಇಲ್ಲ ಅಂತ ಟೀವಿಲಿ ನೋಡಿ ಎದ್ದ ಮನುಷ್ಯ, ಆಟಿಕೆ ಕಾರಿನ ಮೋಟರ್, ಮ್ಯೂಸಿಕ್ ಬಾಕ್ಸಿನ ಕೀಲಿ ಯಂತ್ರ ಸೇರಿಸಿ ಕೀಲಿ ಕೊಡೋ ರೇಡಿಯೋ ಮಾಡಿದ. ಮೊದಲ ಮಾದರಿ ಹಾಡಿದ್ದು 14 ನಿಮಿಷ. ರೇಡಿಯೋಗೆ ಅಷ್ಟು ಕರೆಂಟ್ ಸಾಲತ್ತೆ, ಇವತ್ತಿನ ಫೋನಿಗೆ ಸಾಲಲ್ಲ.

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ಮ ಮನೆ. ಮರ ಬಿದ್ದು ಲೈನ್ ಹೋದ್ರೆ ಮೂರ್ನಾಲ್ಕು ದಿನ ಕರೆಂಟಿಲ್ಲ. ಬಚ್ಚಲ ಹಂಡೆ ಒಲೆ ಮಳೆಗಾಲದಲ್ಲಿ ದಿನಪೂರ್ತಿ ಉರೀತಾನೇ ಇರತ್ತೆ, ಹಿತ್ತಲ ಗುಡ್ಡದಿಂದ ಅಬ್ಬಿ ನೀರು ಪೈಪಲ್ಲಿ ಬರತ್ತೆ, ನೀರಿಗೆ ಬರ ಇಲ್ಲ. ಯೂಟ್ಯೂಬಲ್ಲಿ ಒಂದು ಬಿಳಿ ಬಿಲ್ಲೆನ ಬೆಂಕಿಗೆ ಹಿಡಿದು ಫೋನ್ ಚಾರ್ಜ್ ಮಾಡಿ ತೋರಿಸ್ತಾರೆ. ಹಂಡೆ ಒಲೆಗೆ ಹಾಕ್ಬಹುದಾ? ಅಪ್ಪ ನಗಾಡ್ತಿದಾರೆ.

ಉತ್ತರ: ಅಪ್ಪ ಪೂರ್ತಿ ನಗೋ ಹಾಗಿಲ್ಲ. ಆ ಬಿಳಿ ಬಿಲ್ಲೆ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್, ಅಂದ್ರೆ ಶಾಖದಿಂದ ಕರೆಂಟ್ ಮಾಡೋದು. ಒಂದು ಕಡೆ ಬಿಸಿ ಇನ್ನೊಂದು ಕಡೆ ತಂಪು ಇದ್ರೆ ಕರೆಂಟ್ ಹರಿಯತ್ತೆ ಅನ್ನೋದಕ್ಕೆ ಸೀಬೆಕ್ ಪರಿಣಾಮ ಅಂತಾರೆ, 1821ರಷ್ಟು ಹಳೇದು. 1950ರ ದಶಕದಲ್ಲಿ ಸೋವಿಯತ್ ರಷ್ಯಾದ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಮೇಲೆ ಇಂಥದ್ದೇ ಒಂದು ಬಳೆ ಕೂರಿಸಿ, ಒಂದೇ ದೀಪದಿಂದ ಬೆಳಕೂ ಪಡೆದು ರೇಡಿಯೋನೂ ಕೇಳ್ತಿದ್ರು.

ನಾನು ಮಾಡಿದ್ದು ಮಾವನ ಮನೆ ಬಚ್ಚಲಲ್ಲಿ. ಒಲೆ ಬಾಯಿ ಪಕ್ಕ ಬಿಲ್ಲೆ, ಅದರ ಬೆನ್ನಿಗೆ ಹಳೇ ಕಂಪ್ಯೂಟರಿನ ಹೀಟ್ ಸಿಂಕ್, ಅಂದ್ರೆ ಬಿಸಿನ ಗಾಳಿಗೆ ಬಿಡೋ ಲೋಹದ ತುಂಡು. ಐದು ನಿಮಿಷಕ್ಕೆ ಎಲ್‌ಇಡಿ ಹತ್ತಿತು, ಅತ್ತೆನ ಕರ್ದು ತೋರ್ಸೋ ಹೊತ್ತಿಗೆ ಮಂಕಾಯ್ತು. ಹೀಟ್ ಸಿಂಕೂ ಬೆಂಕಿಯಷ್ಟೇ ಕಾದಿತ್ತು ನೋಡಿ. ಬಿಲ್ಲೆಗೆ ಬೇಕಾಗಿರೋದು ಬಿಸಿ ಅಲ್ಲ, ಬಿಸಿ-ತಂಪಿನ ನಡುವಿನ ಅಂತರ. ನಾನು ಜಾಣ ಅಲ್ವಾ, ಇನ್ನೂ ಒಳಕ್ಕೆ ತಳ್ಳಿದೆ, ಒಳಗಿನ ಬೆಸುಗೆ ಕರಗಿ ವೈರ್ ಟಪಕ್ ಅಂತ ಕೈಗೇ ಬಂತು, ಎರಡು ಬೆರಳು ಬೊಬ್ಬೆ. ಆಮೇಲೆ ಹೊಸ ಬಿಲ್ಲೆ ತಂದು ಬೆಂಕಿ ಕಡೆಗೆ ದಪ್ಪ ಅಲ್ಯೂಮಿನಿಯಂ ತಟ್ಟೆ, ತಂಪಿನ ಕಡೆಗೆ ನೀರು ತುಂಬಿದ ಚಪ್ಪಟೆ ತಳದ ಸ್ಟೀಲ್ ಡಬ್ಬಿ ಇಟ್ಟೆ, ಆಗ ನಿಂತಿತು. ಆ ಡಬ್ಬಿ ನೀರು ಬಿಸಿಯಾದಂಗೆಲ್ಲ ಹಂಡೆಗೆ ಸುರ್ಕೊಂಡ್ರೆ ಶಾಖನೂ ದಂಡ ಆಗಲ್ಲ.

ಸಿಕ್ಕಿದ್ದೆಷ್ಟು? ಬಿಲ್ಲೆಗೆ ಅರ್ಧ ವ್ಯಾಟ್. ಜಾಹೀರಾತಲ್ಲಿ ವೋಲ್ಟೂ ಆಂಪೂ ಬರೆದಿರ್ತಾರೆ, ಎರಡನ್ನೂ ಗುಣಿಸಿ ಮೂರು ವ್ಯಾಟ್ ಅಂತ ನಾವು ಕುಣೀತೀವಿ. ಆ ವೋಲ್ಟು ಏನೂ ಕನೆಕ್ಟ್ ಮಾಡ್ದೇ ಇದ್ದಾಗಿಂದು, ಆ ಆಂಪು ಎರಡು ವೈರ್ ಶಾರ್ಟ್ ಮಾಡಿದಾಗಿಂದು, ಎರಡೂ ಒಟ್ಟಿಗೆ ಯಾವತ್ತೂ ಸಿಗಲ್ಲ, ಗುಣಿಸಿದ್ರಲ್ಲಿ ಕಾಲು ಭಾಗ ಬಂದ್ರೆ ಅದೇ ಗರಿಷ್ಠ. ನಾಲ್ಕು ಬಿಲ್ಲೆ ಜೋಡಿಸಿ, ವೋಲ್ಟೇಜ್ ಏರಿಸೋ ಬೂಸ್ಟರ್ ಹಾಕಿ, ಆರು ಗಂಟೆ ಒಲೆ ಉರಿಸಿದ್ರೆ ಹತ್ತು ವ್ಯಾಟ್-ಅವರ್ ಬರಬಹುದು. ಅಂದ್ರೆ ಅರ್ಧ ಫೋನ್. ತುರ್ತಿಗೆ ಪರವಾಗಿಲ್ಲ.

ಆದ್ರೆ ನನ್ನ ಕಣ್ಣು ನೆಟ್ಟಿದ್ದು ನಿಮ್ಮ ಪ್ರಶ್ನೆಯ ಇನ್ನೊಂದು ಮಾತಿನ ಮೇಲೆ, ಆ ಅಬ್ಬಿ ನೀರು. ಚಿನ್ನ ಇಟ್ಕೊಂಡು ಹಿತ್ತಾಳೆ ಉಜ್ತಿದೀರಿ ಮಾರಾಯ್ರೇ! ಹತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಒಂದು ಲೀಟರ್ ಬಿದ್ರೆ 98 ವ್ಯಾಟ್, ಪುಟ್ಟ ಟರ್ಬೈನ್ ಅದ್ರಲ್ಲಿ ಅರ್ಧನೂ ಹಿಡೀದೇ 40 ವ್ಯಾಟ್ ಕೊಟ್ರೂ ಅದು ಹಗಲೂ ರಾತ್ರಿ ಬರ್ತಾನೇ ಇರತ್ತೆ. ಕರೆಂಟ್ ಹೋಗೋ ಕಾಲದಲ್ಲೇ ನೀರೂ ಜೋರು. ಮಲೆನಾಡು, ಕೊಡಗು ಕಡೆ ಎಷ್ಟೋ ಮನೆಗಳಲ್ಲಿ ಪಿಕೋ ಹೈಡ್ರೋ ಅಂತ ಇದರ ದೊಡ್ಡಣ್ಣನ್ನ ಇಟ್ಕೊಂಡು ಮನೆಪೂರ್ತಿ ಲೈಟ್ ಉರಿಸ್ತಾರೆ. ನಿಮಗೆ ಟರ್ಬೈನ್, ಕಂಟ್ರೋಲರ್, ಒಂದು 12 ವೋಲ್ಟ್ ಬ್ಯಾಟರಿ, ಕಾರಲ್ಲಿ ಹಾಕೋ ಫೋನ್ ಚಾರ್ಜರ್ ಇಷ್ಟು ಸಾಕು. ಬ್ಯಾಟರಿ ತುಂಬಿದ ಮೇಲೆ ಮಿಕ್ಕ ಕರೆಂಟಿಗೆ ಹೋಗಕ್ಕೆ ಒಂದು ಬಲ್ಬೋ ಹೀಟರೋ ಇರ್ಲಿ, ಇಲ್ದಿದ್ರೆ ಟರ್ಬೈನ್ ಹುಚ್ಚೆದ್ದು ತಿರುಗತ್ತೆ. ಅರ್ಧ ಇಂಚಿನ ಪೈಪಲ್ಲಿ ಇಷ್ಟು ನೀರು ಬರಲ್ಲ, ಎರಡಿಂಚಿಂದು ಹಾಕ್ಸಿ.

ಖರ್ಚು ಮಾಡೋ ಮುಂಚೆ ಒಂದು ಕೆಲಸ. 15 ಲೀಟರಿನ ಬಕೆಟ್ ಅಬ್ಬಿ ಕೆಳಗೆ ಇಟ್ಟು ತುಂಬಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, ನೀರು ಹಿಡಿಯೋ ಜಾಗದಿಂದ ಟರ್ಬೈನ್ ಕೂರಿಸೋ ಜಾಗಕ್ಕೆ ಎಷ್ಟು ಇಳಿಜಾರು ಅಂತ ಅಳೀರಿ, ಎರಡೂ ನಂಬರ್ ನನಗೆ ಬರೀರಿ. ಬಕೆಟ್ ಹಿಡಿಯಕ್ಕೆ ಅಪ್ಪನ್ನೇ ಕರೀರಿ.