ಬಾಟಲಿ ಒಡೆದು ಬಂದರೆ ಎಲ್ಲಿ ಹುಡುಕುತ್ತಾರೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಏಳು ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಇದೆ. ಪಾರ್ಸೆಲ್‌ನಲ್ಲಿ ಬಾಟಲಿ ಒಡೆದರೆ ಗಿರಾಕಿಗಳಿಗೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಅದಕ್ಕೇ ‘ಉಪ್ಪಿನಕಾಯಿ ಬಾಟಲಿ ಒಡೆದು ಬಂದರೆ ಏನು ಮಾಡಬೇಕು’ ಅಂತ ಒಂದು ಪುಟ ಬರೆದೆ. ಅದರ ಲಿಂಕ್ ಎಲ್ಲ ಪುಟಗಳ ಕೆಳಗೂ ಬರುವಂತೆ ಮಾಡುವುದು ಹೇಗೆ? ಆ ಪುಟದ ವಿಳಾಸ ‘ಉಪ್ಪಿನಕಾಯಿ-ಬಾಟಲಿ-ಒಡೆದು-ಬ’ ಎಂದು ಅರ್ಧಕ್ಕೇ ನಿಂತಿದೆ. ನಾನೇನಾದರೂ ತಪ್ಪು ಮಾಡಿದೆನಾ?
– ಓದುಗರು, ಶಿರಸಿ

ಉತ್ತರ: ತಪ್ಪು ನಿಮ್ಮದಲ್ಲ. ಮೊದಲು ಆ ‘ಬ’ ವಿಷಯ ಹೇಳಿಬಿಡುತ್ತೇನೆ, ಲಿಂಕ್ ಹಾಕುವ ಮೊದಲೇ ಅದು ಸರಿಯಾಗಬೇಕು.

ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ 200 ಅಕ್ಷರದ ಜಾಗ ಇಟ್ಟಿದೆ. ಇಂಗ್ಲಿಷ್ ಅಕ್ಷರ ಒಂದೊಂದೇ ಜಾಗ ಹಿಡಿಯುತ್ತದೆ. ಕನ್ನಡದ್ದು ಒಳಗೆ ಪರ್ಸೆಂಟ್ ಚಿಹ್ನೆಗಳಾಗಿ ಬದಲಾಗಿ 9 ಜಾಗ ಹಿಡಿಯುತ್ತದೆ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಪ್ಪಿ’ ಎಂಬ ಒಂದಕ್ಷರಕ್ಕೇ 36 ಹೋಯಿತು! ನಿಮ್ಮ ಸಾಲು ‘ಬ’ ತಲುಪುವಾಗ 192 ಆಗಿತ್ತು. ಮುಂದಿನದಕ್ಕೆ ಜಾಗ ಇರಲಿಲ್ಲ.

ಪುಟವನ್ನು ಎಡಿಟ್‌ಗೆ ತೆರೆದು, ಸ್ಲಗ್ (ವಿಳಾಸದ ಕೊನೆಯ ತುಂಡು) ಎಂಬ ಕಡೆ ಇಂಗ್ಲಿಷ್ ಅಕ್ಷರದಲ್ಲಿ ‘ಬಾಟಲ್’ ಎಂದಷ್ಟೇ ಬರೆಯಿರಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಹಳೆ ವಿಳಾಸವನ್ನು ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸಿದ್ದರೆ ಹೊಸದನ್ನೂ ಕಳಿಸಿಬಿಡಿ. ಹಳೆಯದು ತಾನಾಗಿ ಹೊಸದಕ್ಕೆ ಕರೆದೊಯ್ಯುತ್ತದೆ ಎಂದು ನಂಬಿ ಕೂರಬೇಡಿ.

ಈಗ ಲಿಂಕ್. ದಯವಿಟ್ಟು ಒಂದೊಂದೇ ಪುಟ ತೆರೆದು ಕೈಯಿಂದ ಹಾಕಬೇಡಿ. ನಮ್ಮೂರಿನ ತಾಳಮದ್ದಳೆ ತಂಡದ ವೆಬ್‌ಸೈಟಿಗೆ ನಾನು ಹಾಗೆ ಮಾಡಿದ್ದೆ. 11 ಪುಟ ಇತ್ತು. ಫೋನ್ ನಂಬರ್ ಬದಲಾದಾಗ ಎರಡು ಪುಟ ತಿದ್ದಲು ಮರೆತೆ. ದೂರದೂರಿನ ಒಬ್ಬರು ಮೂರು ದಿನ ಹಳೇ ನಂಬರಿಗೇ ಫೋನ್ ಮಾಡಿ, ಕೊನೆಗೆ ಕಾರ್ಯಕ್ರಮ ಬೇರೆಯವರಿಗೆ ಕೊಟ್ಟರು. ಆ ಬೇಜಾರು ಇನ್ನೂ ಇದೆ.

ಫೂಟರ್ ಎಂಬುದು ಎಲ್ಲ ಪುಟಕ್ಕೂ ಸೇರಿದ ಒಂದೇ ತುಂಡು. ಅಲ್ಲಿ ಒಮ್ಮೆ ಹಾಕಿದರೆ ಎಲ್ಲ ಕಡೆ ಬರುತ್ತದೆ. ವರ್ಡ್‌ಪ್ರೆಸ್‌ನ ಎಡಗಡೆ ಪಟ್ಟಿಯ ಅಪಿಯರೆನ್ಸ್ ಒಳಗೆ ‘ಎಡಿಟರ್’ ಕಂಡರೆ ನಿಮ್ಮದು ಹೊಸ ಬಗೆಯ ಥೀಮ್ (ಸೈಟಿನ ವಿನ್ಯಾಸ). 2022ರ ಜನವರಿಯ 5.9 ಆವೃತ್ತಿಯಿಂದ ಇದು ಬಂದಿದೆ. ಅದನ್ನು ತೆರೆದು, ಪುಟದ ಕೊನೆಯ ಫೂಟರ್ ಮೇಲೆ ಒತ್ತಿ, ಅಲ್ಲಿನ ನ್ಯಾವಿಗೇಷನ್ ಬ್ಲಾಕ್‌ಗೆ (ಲಿಂಕ್‌ಗಳ ಪಟ್ಟಿಗೆ) ನಿಮ್ಮ ಪುಟ ಹುಡುಕಿ ಸೇರಿಸಿ, ಸೇವ್ ಮಾಡಿ. ‘ಎಡಿಟರ್’ ಬದಲು ‘ಮೆನುಸ್’ ಇದ್ದರೆ, ಹೊಸ ಮೆನು ಮಾಡಿ, ಪುಟಕ್ಕೆ ಟಿಕ್ ಹಾಕಿ ಸೇರಿಸಿ, ಕೆಳಗೆ ಫೂಟರ್ ಜಾಗ ಆರಿಸಿ. ಕೆಲವು ಥೀಮ್‌ಗಳಲ್ಲಿ ಆ ಜಾಗವೇ ಇರುವುದಿಲ್ಲ. ಆಗ ಅಪಿಯರೆನ್ಸ್ ಒಳಗಿನ ವಿಜೆಟ್ಸ್‌ಗೆ ಹೋಗಿ ಫೂಟರ್‌ನಲ್ಲಿ ನ್ಯಾವಿಗೇಷನ್ ಮೆನು ಇಡಿ. ಸೇವ್ ಆದರೂ ಕಾಣದಿದ್ದರೆ ಗಾಬರಿ ಬೇಡ, ಕ್ಯಾಶ್ (ಉಳಿಸಿಟ್ಟ ಹಳೆ ಪ್ರತಿ) ಅಳಿಸಿ ನೋಡಿ.

ಲಿಂಕ್‌ನಲ್ಲಿ ಏನು ಬರೆಯುತ್ತೀರಿ ಎಂಬುದು ನನಗೆ ಇದೆಲ್ಲಕ್ಕಿಂತ ಮುಖ್ಯ. ಮೇಲೆಲ್ಲ ಹುಡುಕಿ ಸಿಗದವರು ಕೊನೆಗೆ ಪುಟದ ಬುಡಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಎಣ್ಣೆ ಸೋರುವ ಡಬ್ಬ ಇರುತ್ತದೆ. ‘ನಿಯಮ ಮತ್ತು ಷರತ್ತು’ ಎಂದು ಬರೆದರೆ ಅವರು ಅದನ್ನು ಒತ್ತುವುದೇ ಇಲ್ಲ. ‘ಬಾಟಲಿ ಒಡೆದಿದೆಯೇ?’ ಎಂದು ಬರೆಯಿರಿ, ಸಾಕು. ಬಣ್ಣವೂ ನೋಡಿಕೊಳ್ಳಿ. ತುಂಬಾ ಫೂಟರ್‌ಗಳಲ್ಲಿ ಬೂದು ಬಣ್ಣದ ಮೇಲೆ ಬೂದು ಅಕ್ಷರ ಇರುತ್ತದೆ. ಕಣ್ಣಿನ ಪೊರೆ ತೆಗೆಸುವ ಮೊದಲು ನನ್ನಮ್ಮನಿಗೆ ಅಂಥ ಕಡೆ ಏನೋ ಬರೆದಿದೆ ಎಂಬುದೇ ಕಾಣುತ್ತಿರಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಲಿ ಎನ್ನುತ್ತದೆ ವೆಬ್‌ನ ಮಾನದಂಡ.

ವಿಳಾಸ ಚಿಕ್ಕದಾಯಿತಲ್ವಾ, ಅದನ್ನೇ ಪಾರ್ಸೆಲ್ ಡಬ್ಬದ ಮೇಲೂ ಅಂಟಿಸಿ. ಒಳಗಿನ ಚೀಟಿ ಬೇಡ, ಬಾಟಲಿ ಒಡೆದರೆ ಅದು ಎಣ್ಣೆಯಲ್ಲಿ ನೆನೆದು ಹೋಗುತ್ತದೆ.