ಒಂದೇ ಸೂಕ್ತ ಹಿಡಿಯಿರಿ, ಪೂರ್ತಿ ಬರೆಯಿರಿ

ಪ್ರಿಯ ಲೇಖಕರೇ,

ಕುರ್‌ಆನ್ ಸೂಕ್ತಗಳಿಗೂ ಆಧುನಿಕ ಖಗೋಳ ಭೌತಶಾಸ್ತ್ರಕ್ಕೂ ನಂಟು ತೋರಿಸುವ ನಿಮ್ಮ ಲೇಖನ ಓದಿದೆವು. ಗ್ರಂಥದ ಮೇಲಿನ ಪ್ರೀತಿಯೂ ಆಕಾಶದ ಬಗೆಗಿನ ಬೆರಗೂ ಸಾಲುಸಾಲಿನಲ್ಲಿ ಕಾಣುತ್ತವೆ. ಆದರೂ ಈಗಿರುವಂತೆ ಪ್ರಕಟಿಸಲಾರೆವು. ನಾಲ್ಕು ಸೂಕ್ತಗಳಿಗೆ ನಾಲ್ಕು ಸಂಶೋಧನೆಗಳನ್ನು ಅಂಟಿಸಿದ್ದೀರಿ. ಅರಬಿ ಬಲ್ಲವರೂ ಒಪ್ಪುವುದಿಲ್ಲ, ಭೌತಶಾಸ್ತ್ರ ಬಲ್ಲವರೂ ಒಪ್ಪುವುದಿಲ್ಲ.

51:47ನ್ನೇ (51ನೇ ಅಧ್ಯಾಯದ 47ನೇ ಸೂಕ್ತ) ನೋಡಿ. ‘ನಾವು ಆಕಾಶವನ್ನು ವಿಸ್ತರಿಸುತ್ತಿದ್ದೇವೆ’ ಎಂಬ ಅನುವಾದ ಕೊಟ್ಟು, ಮರುಸಾಲಿನಲ್ಲೇ ವಿಶ್ವ ಹಿಗ್ಗುತ್ತಿದೆ ಎಂದು ತೋರಿಸಿದ ಖಗೋಳವಿಜ್ಞಾನಿ ಹಬಲ್‌ಗೆ ಹಾರಿದ್ದೀರಿ. ಮೂಲದ ಪದ ‘ಮೂಸಿಊನ್’. ಅದರ ಏಕವಚನ 2:236ರಲ್ಲೂ ಬರುತ್ತದೆ. ವಿಚ್ಛೇದಿತ ಪತ್ನಿಗೆ ಗಂಡ ಕೊಡಬೇಕಾದ್ದನ್ನು ಹೇಳುವ ಆ ಸೂಕ್ತದಲ್ಲಿ ಅದರ ಅರ್ಥ ‘ಅನುಕೂಲಸ್ಥ, ಉಳ್ಳವನು’. ಹಾಗಾಗಿಯೇ ಹಳೆಯ ಕುರ್‌ಆನ್ ವ್ಯಾಖ್ಯಾನಕಾರರಲ್ಲಿ ತಬರಿ ಇದನ್ನು ‘ಸಾಮರ್ಥ್ಯವುಳ್ಳವರು’ ಎಂಬರ್ಥದಲ್ಲಿ ಓದಿದರು, ಜಮಖ್‌ಶರಿಯೂ ‘ಶಕ್ತರು’ ಎಂದರು. ಆದರೆ 14ನೇ ಶತಮಾನದ ವ್ಯಾಖ್ಯಾನಕಾರ ಇಬ್ನ್ ಕಸೀರ್ ಆಕಾಶದ ದಿಕ್ಕುಗಳನ್ನು ವಿಶಾಲಗೊಳಿಸಿದ ಮಾತೆತ್ತುತ್ತಾರೆ. ಅಂದರೆ ನಿಮ್ಮ ಓದಿಗೆ ಭಾಷೆಯಲ್ಲಿ ಜಾಗವಿದೆ, ಆದರೆ ಅದೊಂದೇ ಓದು ಅಲ್ಲ. ಇದನ್ನು ಮುಚ್ಚಿಟ್ಟರೆ ಬಲ್ಲ ಓದುಗ ಅಲ್ಲಿಗೇ ಪುಟ ಮಡಚುತ್ತಾನೆ.

ವಿಜ್ಞಾನದ ಭಾಗದಲ್ಲೂ ತಪ್ಪಿದೆ. ‘1929ರಲ್ಲಿ ಹಬಲ್ ದೂರದರ್ಶಕ ಕಂಡಿತು’ ಎಂದಿದ್ದೀರಿ. ಆ ದೂರದರ್ಶಕ ಕಕ್ಷೆಗೆ ಹೋದದ್ದು 1990ರಲ್ಲಿ. ಎಡ್ವಿನ್ ಹಬಲ್ ಬಳಸಿದ್ದು ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕ; ಅದಕ್ಕೂ ಮುಂಚೆ, 1922ರಲ್ಲಿ ಫ್ರೀಡ್‌ಮನ್, 1927ರಲ್ಲಿ ಲೆಮೆತ್ರ್ ಎಂಬ ವಿಜ್ಞಾನಿಗಳು ಹಿಗ್ಗುವ ವಿಶ್ವದ ಲೆಕ್ಕ ಹಾಕಿಯಾಗಿತ್ತು. ‘ಎಲ್ಲವೂ ಹಿಗ್ಗುತ್ತಿದೆ’ ಎಂಬ ಸಾಲನ್ನೂ ತೆಗೆಯಿರಿ. ಹಿಗ್ಗುವುದು ಗೆಲಾಕ್ಸಿ ಗುಂಪುಗಳ ನಡುವಿನ ಅಂತರ. ಸೌರವ್ಯೂಹವನ್ನು ಗುರುತ್ವ ಹಿಡಿದಿಟ್ಟಿದೆ, ಅದು ಹಿಗ್ಗುವುದಿಲ್ಲ.

21:30 ಹೇಳುವುದು ಮಹಾಸ್ಫೋಟವನ್ನೇ (ಬಿಗ್ ಬ್ಯಾಂಗ್) ಎಂದಾದರೆ ಕಾಲದ ಲೆಕ್ಕ ಕೂಡುವುದಿಲ್ಲ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ, ಭೂಮಿಯದು 454 ಕೋಟಿ. ಕೂಡಿದ್ದ ಆಕಾಶ, ಭೂಮಿ ಬೇರೆಯಾದವು ಎನ್ನುವ ಸೂಕ್ತವನ್ನು ಆ ಕ್ಷಣಕ್ಕೆ ಹೊಂದಿಸಿದರೆ ನಡುವಿನ 900 ಕೋಟಿ ವರ್ಷಕ್ಕೆ ನೀವು ಉತ್ತರ ಕೊಡಬೇಕು. ಆಕಾಶ ಮಳೆಗೆ, ನೆಲ ಪೈರಿಗೆ ತೆರೆದುಕೊಂಡಿತು ಎಂಬ ತಬರಿಯ ಓದು, ಅದೇ ಸೂಕ್ತದಲ್ಲಿ ಮುಂದೆ ಬರುವ ನೀರಿನ ಮಾತಿಗೆ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ.

86:3ರ ನಕ್ಷತ್ರಕ್ಕೆ ‘ಸಾಕಿಬ್’ (ಭೇದಿಸುವ, ಪ್ರಖರ) ಎಂದಿರುವ ಮಾತ್ರಕ್ಕೆ ಅದು ಪಲ್ಸಾರ್ (ವೇಗವಾಗಿ ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ) ಆಗಲಾರದು. ಅದೇ ವಿಶೇಷಣ 37:10ರಲ್ಲಿ ಉಲ್ಕೆಗೆ ಬಂದಿದೆ. ನೀವು ಹೇಳುವ ಪಲ್ಸಾರ್‌ನ ‘ಬಡಿಯುವ ಸದ್ದು’, ಅದರ ರೇಡಿಯೊ ಸಂಕೇತವನ್ನು ನಾವು ಸ್ಪೀಕರಿಗೆ ಕೊಟ್ಟಾಗ ಹುಟ್ಟಿದ್ದು.

ಹಿಂದೆ ಸರಿಯುವ, ಸಾಗಿ ಅಡಗುವವುಗಳ ಮೇಲೆ ಆಣೆಯಿಡುವ 81:15-16ಕ್ಕೆ ಕಪ್ಪುಕುಳಿ ಬೇಡವೇ ಬೇಡ. ‘ಗುಡಿಸಿ ನುಂಗುತ್ತದೆ’ ಎಂಬ ಕಲ್ಪನೆಯೇ ತಪ್ಪು: ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇಟ್ಟರೆ ಅದರ ತ್ರಿಜ್ಯ ಸುಮಾರು 3 ಕಿ.ಮೀ., ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿರುತ್ತದೆ. ಇನ್ನು ‘ಕುನ್ನಸ್’ ಪದಕ್ಕೆ ಜಿಂಕೆ ಅಡಗುವ ಪೊದೆಯ ನಂಟಿದೆ. ಮುಂದೆ ಸಾಗುತ್ತ ಹಿಂದೆ ಸರಿದು ಮರೆಯಾಗುವ ಐದು ಗ್ರಹಗಳು ಎಂದು ಹಲವು ಹಳೆಯ ವ್ಯಾಖ್ಯಾನಕಾರರು ಅರ್ಥೈಸಿದ್ದಾರೆ. ಬುಧ, ಶುಕ್ರ, ಮಂಗಳ, ಗುರು, ಶನಿಗಳ ವಕ್ರಗತಿಯನ್ನು ಬರಿಗಣ್ಣಿನಿಂದ ಗಮನಿಸಿದವರ ಓದು ಅದು. ನಿಮ್ಮ ಲೇಖನದ ಜೀವ ಇಲ್ಲೇ ಇದೆ, ನೀವದನ್ನು ದಾಟಿ ಹೋಗಿದ್ದೀರಿ.

ಈ ಒಂದೇ ಸೂಕ್ತವನ್ನು ಇಟ್ಟುಕೊಂಡು ಮತ್ತೆ ಬರೆಯಿರಿ. ಮೊದಲು ಪದದ ಧಾತು, ಅದೇ ಪದ ಗ್ರಂಥದಲ್ಲಿ ಬೇರೆಲ್ಲಿ ಬಂದಿದೆ ಎಂಬುದು. ಆಮೇಲೆ ದೂರದರ್ಶಕ ಬರುವುದಕ್ಕೆ ಮುಂಚಿನ ಕನಿಷ್ಠ ಮೂವರು ವ್ಯಾಖ್ಯಾನಕಾರರು, ಅವರ ಭಿನ್ನಮತ ಸಮೇತ. ಗ್ರಹಗಳು ಹಿಂದೆ ಸರಿದಂತೆ ಏಕೆ ಕಾಣುತ್ತವೆ ಎಂಬುದನ್ನು ಬೇರೆ ಪ್ಯಾರಾದಲ್ಲಿ ವಿವರಿಸಿ: ಒಳಕಕ್ಷೆಯ ಭೂಮಿ ಮಂಗಳವನ್ನು ಹಿಂದಿಕ್ಕುವ ಒಂದು ಚಿತ್ರ ಸಾಕು. ಎರಡನ್ನೂ ಜೋಡಿಸುವಲ್ಲಿ ‘ನನಗೆ ಹೀಗೆ ತೋರುತ್ತದೆ’ ಎಂದೇ ಬರೆಯಿರಿ. ‘ಸಾಬೀತಾಗಿದೆ’ ಎಂಬ ಪದ ನಿಮ್ಮ ಲೇಖನದಲ್ಲಿ ಹನ್ನೊಂದು ಬಾರಿ ಬಂದಿದೆ, ಒಂದೂ ಉಳಿಯಬಾರದು.